ಸೋರದ ಕೊಳವೆ

ಎಲ್ಲ ಶುರುವಾದದ್ದು ಒಂದು ಟಿಕ್ ಗುರುತಿನಿಂದ.

ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ ಹೆಸರುಕಾಳಿನಷ್ಟು ಒಂದು ಚೌಕ. ಅದರ ಪಕ್ಕದಲ್ಲಿ ‘ಪರಿಚಯ ಬೇಡ’ ಎಂದು ಬರೆದಿತ್ತು. ಎಂಬತ್ತೊಂಬತ್ತು ದಿನ ಆ ಚೌಕ ಅವನ ಪಾಲಿಗೆ ಖಾಲಿಯಾಗಿಯೇ ಇತ್ತು. ತೊಂಬತ್ತನೆಯ ದಿನ, ಅಂದರೆ ಅವನ ಕೆಲಸ ಖಾಯಂ ಆಗುತ್ತದೋ ಇಲ್ಲವೋ ಎಂದು ತೀರ್ಮಾನವಾಗುವ ದಿನವೇ, ಬೆಳಗ್ಗೆ ಹತ್ತೂಕಾಲಿಗೆ ಯಾರೋ ಅದರಲ್ಲಿ ಟಿಕ್ ಹಾಕಿದ್ದರು.

ಕಿವಿ ಕೇಳದವರೂ ಫೋನಿನಲ್ಲಿ ಮಾತಾಡುತ್ತಾರೆ ಎಂದರೆ ಜನ ನಂಬುವುದಿಲ್ಲ. ಈ ಕೆಲಸಕ್ಕೆ ಸೇರುವ ತನಕ ಅವನೂ ನಂಬಿರಲಿಲ್ಲ. ಅವರು ತಮ್ಮ ಮನೆಯಲ್ಲಿ ಕೂತು ಟೈಪ್ ಮಾಡುತ್ತಾರೆ. ಅದು ಕೇಂದ್ರದಲ್ಲಿ ಇವನ ಪರದೆಯ ಮೇಲೆ ಮೂಡುತ್ತದೆ. ಯಂತ್ರ ಬೇಕಾದವರಿಗೆ ಫೋನ್ ಸೇರಿಸುತ್ತದೆ. ಇವನು ಮೊದಲು ‘ಕಿವಿ ಕೇಳದವರೊಬ್ಬರ ಮಾತನ್ನು ಓದುತ್ತಿದ್ದೇನೆ’ ಎಂದು ಪರಿಚಯ ಹೇಳಿ, ಆಮೇಲೆ ಪರದೆಯ ಮೇಲಿನದನ್ನು ಓದಿ ಹೇಳುತ್ತಾನೆ. ಆ ಕಡೆಯವರು ಆಡಿದ್ದನ್ನು ಟೈಪ್ ಮಾಡಿ ಕಳಿಸುತ್ತಾನೆ. ಕೇಳುವುದಕ್ಕೆ ಸುಲಭ. ಆದರೆ ನಿಯಮಗಳು ಒಗ್ಗರಣೆಯ ಸಾಸಿವೆಯ ಹಾಗೆ, ಎಲ್ಲಿ ಸಿಡಿಯುತ್ತವೋ ಗೊತ್ತಾಗುವುದಿಲ್ಲ. ಅವರು ‘ನನಗೆ ಹಲ್ಲುನೋವು’ ಎಂದು ಬರೆದರೆ ಇವನು “ನನಗೆ ಹಲ್ಲುನೋವು” ಎಂದೇ ಹೇಳಬೇಕು, “ಅವರಿಗೆ” ಎನ್ನುವ ಹಾಗಿಲ್ಲ. ಆ ಕಡೆ ನಾಯಿ ಬೊಗಳಿದರೂ ಕಂಸದೊಳಗೆ ‘ನಾಯಿ ಬೊಗಳುತ್ತಿದೆ’ ಎಂದು ಟೈಪ್ ಮಾಡಬೇಕು, ಏಕೆಂದರೆ ಕಿವಿ ಇದ್ದವರಿಗೆ ಅದೂ ಕೇಳಿಸುತ್ತಿತ್ತು. ಮತ್ತು ತನ್ನದು ಎಂದು ಒಂದು ಮಾತನ್ನೂ ಸೇರಿಸಕೂಡದು.

“ನೀನು ಒಂದು ಕೊಳವೆ,” ಎಂದಿದ್ದರು ಮೇಲ್ವಿಚಾರಕಿ ಮೇಡಂ, ಮೊದಲ ದಿನವೇ. “ಈ ಕಡೆಯಿಂದ ನೀರು ಬಂತು, ಆ ಕಡೆ ಹೋಯ್ತು. ಕೊಳವೆ ಎಲ್ಲಾದ್ರೂ ನೀರಿನ ರುಚಿ ನೋಡುತ್ತಾ?”

ಎರಡನೇ ವಾರ ಒಬ್ಬ ಅಜ್ಜಿ ವೈದ್ಯರಿಗೆ ಕರೆ ಮಾಡಿ, ‘ಮೂರು ದಿನದಿಂದ ನಿದ್ದೆ ಇಲ್ಲ’ ಎಂದು ಬರೆದಿದ್ದರು. ಅದನ್ನು ಓದಿದ ಇವನ ಬಾಯಿ ತಾನಾಗಿಯೇ “ಪಾಪ” ಎಂದುಬಿಟ್ಟಿತು. ಒಂದೇ ಮಾತು. ಮೇಡಂ ಅದನ್ನು ಕಡತದಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಅಂದಿನಿಂದ ಕಚೇರಿಯಲ್ಲಿ ಅವನಿಗೆ ‘ಸೋರುವ ಕೊಳವೆ’ ಎಂಬ ಹೆಸರು ಅಂಟಿತು. ದಿನ ಕಳೆದಂತೆ ಎಲ್ಲರೂ ಸೋಮಾರಿತನಕ್ಕೆ ಬರೀ ‘ಕೊಳವೆ’ ಎಂದು ಕರೆಯತೊಡಗಿದರು.

ಕೆಲಸ ಹೋದರೆ ಕೆಲಸ ಮಾತ್ರ ಹೋಗುವಂತಿರಲಿಲ್ಲ. ಕೊಳವೆ ಮತ್ತು ಅವನ ಹೆಂಡತಿ ಬಾಡಿಗೆಗಿದ್ದ ಮಹಡಿಯ ಮನೆಯ ಮಾಲೀಕರು ನಿವೃತ್ತ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಈಗಲೂ ಸೀಟಿ. “ತಿಂಗಳೊಳಗೆ ಖಾಯಂ ಆದ ಕಾಗದ ತಂದು ತೋರ್ಸು,” ಎಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. “ಇಲ್ಲಾಂದ್ರೆ ಮಹಡಿ ಖಾಲಿ ಮಾಡು. ಕಾಲೂರಿ ನಿಲ್ಲದವನಿಗೆ ನಾನು ಮನೆ ಕೊಡೋನಲ್ಲ.” ಮದುವೆಯಾದ ಆರು ವರ್ಷದಲ್ಲಿ ಅದು ನಾಲ್ಕನೇ ಮನೆ; ಅಡುಗೆಮನೆಗೆ ಕಿಟಕಿ ಇದ್ದ ಮೊದಲನೇ ಮನೆ. ಹೆಂಡತಿ ಆ ಕಿಟಕಿಯ ಕಟ್ಟೆಯ ಮೇಲೆ ಹೂಕುಂಡ ಇಟ್ಟು, ದಿನಾ ಅದನ್ನು ನೋಡುತ್ತ ಪಾತ್ರೆ ತೊಳೆಯುತ್ತಿದ್ದಳು. ಅಂದು ಬೆಳಗ್ಗೆ ಅವನ ಅಂಗಿಗೆ ಗುಂಡಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು, “ಇವತ್ತೊಂದು ದಿನ ಬಾಯಿ ಬಿಗಿ ಹಿಡ್ಕೊಂಡಿರ್ರೀ,” ಎಂದು ಕಳಿಸಿದ್ದಳು.

ಅವನು ಏನು ಕೆಲಸ ಮಾಡುತ್ತಾನೆ ಎಂದು ಅವಳಿಗೂ ಸರಿಯಾಗಿ ತಿಳಿದಿರಲಿಲ್ಲ. ಕರೆಗಳ ಗುಟ್ಟನ್ನು ಹೊರಗೆ ಆಡುವುದಿಲ್ಲ ಎಂದು ಸಹಿ ಮಾಡಿದ್ದ. ಗುಟ್ಟು ಎಂದರೆ ಎಲ್ಲಿಯ ತನಕ ಎಂಬ ಅನುಮಾನ ಬಂದು, ಏನೂ ಆಡದಿರುವುದೇ ಕ್ಷೇಮವೆಂದು, “ಫೋನಿನ ಕೆಲಸ” ಎಂದಷ್ಟೇ ಹೇಳಿದ್ದ.

ಈಗ ಟಿಕ್ ಗುರುತಿನ ಕೆಳಗೆ ಅಕ್ಷರಗಳು ಮೂಡಿದವು: ‘ನಿನ್ನೆ ಮೂರು ಸಲ, ಇವತ್ತು ಒಂದು ಸಲ ಪ್ರಯತ್ನಿಸಿದೆ. ನಿಮ್ಮವರು ಪರಿಚಯ ಹೇಳತೊಡಗಿದ ಕೂಡಲೇ ಅವರು ಸೈಟು ಮಾರುವವರೆಂದು ತಿಳಿದು ಫೋನ್ ಇಡುತ್ತಾರೆ. ಈ ಸಲ ನೇರ ಮಾತಿಗೆ ಬನ್ನಿ. ಮನೆಯ ಮಗಳು ನನ್ನ ವಿಷಯ ಎಲ್ಲ ಹೇಳಿದ್ದಾಳೆ.’

ಕರೆ ಮಾಡಿದವರು ಕೇಳಿದರೆ ಪರಿಚಯ ಬಿಡಬಹುದು, ಅದಕ್ಕೂ ನಿಯಮವಿತ್ತು. ಕೊಳವೆ ನಿಯಮದ ಪುಸ್ತಕ ತೆರೆದು ಎರಡು ಸಲ ಓದಿ ಖಚಿತ ಮಾಡಿಕೊಂಡ. ಅಷ್ಟರಲ್ಲಿ ಮೇಜಿನ ಮೇಲಿನ ಕೆಂಪು ದೀಪ ಹತ್ತಿತು. ಮೇಡಂ ಕದ್ದು ಕೇಳುತ್ತಿದ್ದಾರೆ ಎಂದರ್ಥ. ಯಂತ್ರ ಕರೆ ಸೇರಿಸಿತು.

“ಯಾರದು!”

ಮೈದಾನದ ಆ ತುದಿಯಲ್ಲಿರುವ ಹುಡುಗನನ್ನು ಸಾಲಿಗೆ ಎಳೆಯುವ ದನಿ. ಕೊಳವೆಯ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಇಡೀ ಊರಿನಲ್ಲಿ ಆ ದನಿ ಒಬ್ಬರಿಗೇ ಇತ್ತು, ಮತ್ತು ಅವರು ಅವನ ಮನೆಯ ಕೆಳಗೇ ಇದ್ದರು.

ಪರದೆಯ ಮೇಲೆ ಅಕ್ಷರಗಳು ನಡೆದು ಬಂದವು. ಕೊಳವೆ ಓದಿದ.

“ನಮಸ್ಕಾರ ಮೇಷ್ಟ್ರೇ. ನಿಮ್ಮ ಮಗಳ ವಿಷಯ ಮಾತಾಡಬೇಕಾಗಿತ್ತು. ನಾನು ಅವಳನ್ನ ತುಂಬಾ ಇಷ್ಟಪಡ್ತೀನಿ. ಅವಳಿಗೂ ನಾನಂದ್ರೆ ಇಷ್ಟ. ನಾವು ಮದುವೆ ಆಗಬೇಕು ಅಂತಿದ್ದೀವಿ.”



“ಏಯ್! ನೀನು ಮಹಡಿ ಮೇಲಿನವನಲ್ವೇನಯ್ಯಾ?”

ಕೊಳವೆಯ ಬೆರಳುಗಳು ಕೆಲಸ ಬಿಡಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡಿದವು. ಉತ್ತರ ಬಂತು. ಕೊಳವೆ ದೇವರೇ ಎಂದುಕೊಂಡು ಬಾಯಿ ತೆರೆದ.

“ಹೌದು, ಮಹಡಿ ಮೇಲಿನವನೇ. ನಿಮಗೆ ಹೇಗೆ ಗೊತ್ತಾಯ್ತು?”

ಕರೆ ಮಾಡಿದವನು ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವ ಬೈಂಡರ್, ಅವನ ಕೆಲಸದ ಕೋಣೆ ಛಾಪಖಾನೆಯ ಮಹಡಿಯ ಮೇಲಿದೆ ಎಂಬುದು ಕೊಳವೆಗೆ ಆಗ ಗೊತ್ತಿರಲಿಲ್ಲ. ಮೇಷ್ಟ್ರಿಗಂತೂ ಗೊತ್ತಿರಲೇ ಇಲ್ಲ. ಮಗಳು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಹರಿದ ಪುಸ್ತಕ ಹೊತ್ತುಕೊಂಡು ಹೋಗಿ ಹೋಗಿ, ಬೈಂಡರನಿಂದ ಕೈಭಾಷೆ ಕಲಿತಿದ್ದಳು. ಅಪ್ಪನಿಗೆ ಎಲ್ಲ ಹೇಳುತ್ತೇನೆಂದು ಅವನಿಗೆ ಮಾತು ಕೊಟ್ಟವಳು ಧೈರ್ಯ ಸಾಲದೆ, “ಇವತ್ತೊಂದು ಫೋನ್ ಬರುತ್ತೆ, ಇಡಬೇಡಪ್ಪ,” ಎಂದಷ್ಟು ಹೇಳಿ ಕೆಲಸಕ್ಕೆ ಓಡಿದ್ದಳು.

“ಹೇಗೆ ಗೊತ್ತಾಯ್ತಾ? ದಿನಾ ನನ್ನ ತಲೆ ಮೇಲೇ ಓಡಾಡ್ತೀಯಲ್ಲಯ್ಯಾ! ನಿನಗೆ ಹೆಂಡತಿ ಇದ್ದಾಳಲ್ಲೋ!”

ಕೊಳವೆ ಟೈಪ್ ಮಾಡಿದ. ಇನ್ನು ಆಗದು ಎಂದು ಅದರ ಕೆಳಗೇ ಕಂಸ ತೆರೆದು, ‘ಇವರು ನನ್ನ ಮನೆ ಮಾ’ ಎಂದು ಹೊಡೆದ. ಕೆಂಪು ದೀಪ ಅವನನ್ನೇ ನೋಡುತ್ತಿತ್ತು. ‘ಮಾ’ ಅಳಿಸಿದ. ‘ಮನೆ’ ಅಳಿಸಿದ. ಒಂದೊಂದೇ ಅಕ್ಷರ ಹಿಂದಕ್ಕೆ ನುಂಗಿ ಕಂಸ ಮುಚ್ಚಿದ. ಕೈ ಎತ್ತಿದ. ಪರಿಚಯದವರ ಕರೆ ಬಂದರೆ ಕೈ ಎತ್ತಬೇಕು, ಇನ್ನೊಬ್ಬರಿಗೆ ಬದಲಾಯಿಸುತ್ತಾರೆ. ಗಾಜಿನ ಕೋಣೆಯಿಂದ ಮೇಡಂ ಎರಡೂ ಹಸ್ತ ಅಗಲಿಸಿ ಹತ್ತು ಬೆರಳು ತೋರಿಸಿದರು. ಮಾತು ಶುರುವಾದ ಮೇಲೆ ಹತ್ತು ನಿಮಿಷ ಬದಲಾಯಿಸುವ ಹಾಗಿಲ್ಲ. ನಡುವೆ ದನಿ ಬದಲಾದರೆ ಆ ಕಡೆಯವರಿಗೆ ಗಾಬರಿಯಾಗುತ್ತದೆ. ಈ ಕಡೆಯವರ ಗಾಬರಿಯ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ.

ಗಡಿಯಾರದಲ್ಲಿ ಒಂದೂವರೆ ನಿಮಿಷ ಆಗಿತ್ತು.

“ನನಗೆ ಹೆಂಡತಿ ಇಲ್ಲ ಮೇಷ್ಟ್ರೇ. ಯಾರೋ ನಿಮಗೆ ಸುಳ್ಳು ಹೇಳಿದ್ದಾರೆ.”

“ಸುಳ್ಳಾ? ಬೆಳಗ್ಗೆ ತಾನೇ ನಮ್ಮ ನಲ್ಲೀಲಿ ನೀರು ಹಿಡ್ಕೊಂಡು ಹೋದ್ಲು! ಹಾಗಾದ್ರೆ ಅವಳು ಯಾರು?”

“ಅವರು ಯಾರೋ ನನಗೆ ಗೊತ್ತಿಲ್ಲ. ನಿಮ್ಮ ನಲ್ಲಿ, ನಿಮಗೇ ಗೊತ್ತಿರಬೇಕು.”

ಸೀಟಿ ಮೊಳಗಿತು. ಕೊಳವೆ ಕಿವಿ ಮುಚ್ಚಿಕೊಳ್ಳದೆ ‘ಸೀಟಿ, ಬಹಳ ಜೋರು’ ಎಂದು ಟೈಪ್ ಮಾಡಿದ. ಬಂದ ಉತ್ತರವನ್ನು ಓದಿದ. “ಯಾಕೆ ಸೀಟಿ? ಅಲ್ಲೇನಾದ್ರೂ ಪಂದ್ಯ ನಡೀತಿದೆಯಾ?”

ಇನ್ನೊಂದು ಸೀಟಿ. ಅದಕ್ಕೆ ಎದುರು ಮನೆಯ ದರ್ಜಿ ಓಡಿ ಬಂದ. ದರ್ಜಿ ಎಂದರೆ ಊರ ಸುದ್ದಿಗೆಲ್ಲ ಕಾಜಾ ಹಾಕಿ ಗುಂಡಿ ಹೊಲಿಯುವವನು. “ಏನಾಯ್ತು ಮೇಷ್ಟ್ರೇ? ಸ್ಪೀಕರ್ ಹಾಕಿ, ಸ್ಪೀಕರ್ ಹಾಕಿ!” ಎಂದ. ಕೊಳವೆ ಅದನ್ನೂ ಟೈಪ್ ಮಾಡಿದ. ಮೇಷ್ಟ್ರು ಎರಡೇ ಮಾತಲ್ಲಿ ವಿಷಯ ಹೇಳಿದ್ದೇ ತಡ, ದರ್ಜಿ ಅಂಗಳಕ್ಕೆ ಹೋಗಿ, “ಅಕ್ಕಾ, ಬೇಗ ಇಳಿದು ಬನ್ನಿ! ನಿಮ್ಮ ಯಜಮಾನ್ರು ಕೈಬಿಟ್ಟು ಹೋದ್ರು!” ಎಂದು ಕೂಗಿದ. ‘ಮೆಟ್ಟಿಲು ಇಳಿಯುವ ಸದ್ದು.’ ‘ಪಾತ್ರೆ ಉರುಳಿದ ಸದ್ದು.’ ‘ಹೆಂಗಸಿನ ದನಿ.’

“ರೀ? ನಾನು ಕಣ್ರೀ. ಇವರೇನೋ ಹೇಳ್ತಿದ್ದಾರಲ್ಲ, ಏನ್ರೀ ಇದು?”

ಕೊಳವೆ ಟೈಪ್ ಮಾಡಿದ. ಒಂದು ಮಾತು ಸಾಕಾಗಿತ್ತು. “ನಾನಲ್ಲ ಕಣೇ” ಎಂದರೆ ಮುಗಿಯುತ್ತಿತ್ತು. ಕೆಲಸವೂ ಮುಗಿಯುತ್ತಿತ್ತು, ಕಿಟಕಿಯೂ ಹೋಗುತ್ತಿತ್ತು. ಅವಳೇ ಹೇಳಿರಲಿಲ್ಲವೇ, ಬಾಯಿ ಬಿಗಿ ಹಿಡಿಯಿರಿ ಎಂದು? ಪರದೆ ನೋಡಿದ. ಓದಿದ.

“ನೀವು ಯಾರಮ್ಮಾ? ನಾನು ನಿಮ್ಮನ್ನ ಯಾವತ್ತೂ ನೋಡೇ ಇಲ್ಲ.”

“ನೋಡೇ ಇಲ್ವಾ? ಬೆಳಗ್ಗೆ ಅಂಗಿಗೆ ಗುಂಡಿ ಹೊಲಿದು ಕಳಿಸಿದ್ನಲ್ಲ, ಅದು ಯಾರು?”

“ನನ್ನ ಗುಂಡಿ ನಾನೇ ಹೊಲ್ಕೊಳ್ಳೋದು. ಹೊಲಿಯೋದು ನನ್ನ ಕಸುಬು.”

“ನೀವಾ? ಸೂಜಿಗೆ ದಾರ ಪೋಣಿಸೋಕೆ ಬರಲ್ಲ ನಿಮಗೆ!”

“ಹೌದಕ್ಕಾ,” ಎಂದ ದರ್ಜಿ ಹಿನ್ನೆಲೆಯಲ್ಲಿ. “ಗುಂಡಿ ಬಿದ್ರೆ ನನ್ನ ಹತ್ರ ಬರ್ತಿದ್ರು. ಈಗ ಎಲ್ಲೋ ಕಲ್ತಿದ್ದಾರೆ.”

‘ಅಳು,’ ಎಂದು ಟೈಪ್ ಮಾಡಿದ ಕೊಳವೆ. ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಗಡಿಯಾರ ಒಂಬತ್ತು ನಿಮಿಷ ತೋರಿಸುತ್ತಿತ್ತು. ಪರದೆಯ ಮೇಲೆ ಉತ್ತರ ಮೂಡಿತು; ಓದಿದ.

“ಮೇಷ್ಟ್ರೇ, ನನ್ನನ್ನ ಅಳಿಯ ಮಾಡ್ಕೊಳ್ಳೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಿ. ಅದಕ್ಕೋಸ್ಕರ ಎಲ್ಲಿಂದಲೋ ಒಬ್ಬ ಹೆಂಡತೀನ ತಂದು ನಿಲ್ಲಿಸಬೇಡಿ. ನಾನೇ ನಿಮ್ಮ ಮನೆಗೆ ಬರ್ತೀನಿ. ಎದುರಿಗೆ ಕೂತು ಮಾತಾಡೋಣ.”

“ಬಾರೋ!” ಎಂದರು ಮೇಷ್ಟ್ರು. “ಬಾ! ಗೇಟಲ್ಲೇ ನಿಂತಿರ್ತೀನಿ!”

ಕರೆ ಮುಗಿದಾಗ ಒಂಬತ್ತು ನಿಮಿಷ ಐವತ್ತು ಸೆಕೆಂಡ್ ಆಗಿತ್ತು.

ಕೆಲಸದ ಹೊತ್ತಿನಲ್ಲಿ ಸ್ವಂತ ಫೋನುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಬೀಗ ತೆಗೆಯುವುದು ಐದು ಗಂಟೆಗೆ. ಮೇಡಂ ಅನುಮತಿ ಕೊಟ್ಟರೆ ನಡುವೆ ತೆಗೆಯಬಹುದು. ಕಾರಣ ಕೇಳುತ್ತಾರೆ. ಕಾರಣ ಹೇಳಿದರೆ ಕರೆಯ ಗುಟ್ಟು ಹೇಳಿದಂತಾಗುತ್ತದೆಯೇ? ಕರೆಯನ್ನು ಕೇಳಿಸಿಕೊಂಡವರಿಗೇ ಹೇಳಿದರೂ? ಈ ಪ್ರಶ್ನೆಯನ್ನು ಅವನು ಊಟದ ಹೊತ್ತಿನ ತನಕ ತಿರುಗಿಸಿ ಮುರುಗಿಸಿ ನೋಡಿದ. ಉತ್ತರ ಸಿಗಲಿಲ್ಲ, ಹಸಿವೂ ಆಗಲಿಲ್ಲ.

“ಏನೋ ಕೊಳವೆ, ಮುಖ ಒಗೆದು ಹಿಂಡಿದ ಹಾಗಿದೆ?” ಎಂದಳು ಪಕ್ಕದ ಮೇಜಿನ ಅಕ್ಕ, ಬುತ್ತಿ ಬಿಚ್ಚುತ್ತ. “ಹೊಟ್ಟೆ ಕೆಟ್ಟಿದೆಯಾ?”

“ಇಲ್ಲಕ್ಕ.”

“ಮನೇಲಿ ಜಗಳಾನಾ?”

“ಹೇಳೋ ಹಾಗಿಲ್ಲಕ್ಕ.”

“ಹಾಗಾದ್ರೆ ಹೊಟ್ಟೇನೇ,” ಎಂದು ಅಕ್ಕ ತೀರ್ಮಾನಿಸಿ, ಬಿಸಿನೀರಿನ ಲೋಟ ಅವನ ಮುಂದಿಟ್ಟು, ಕುಡಿದು ಮುಗಿಸುವ ತನಕ ಕಾವಲು ಕೂತಳು.

ಮಧ್ಯಾಹ್ನ ಅವನು ಒಬ್ಬರಿಗಾಗಿ ಕೊಳಾಯಿ ರಿಪೇರಿಯವನನ್ನು ಕರೆದ, ಇನ್ನೊಬ್ಬರಿಗಾಗಿ ಬಸ್ಸಿನ ವೇಳೆ ಕೇಳಿದ. ಬಾಯಿ ಓದುತ್ತಿತ್ತು. ಮನಸ್ಸು ಮಾತ್ರ ಮೇಷ್ಟ್ರ ಗೇಟಿನ ಹತ್ತಿರ ನಿಂತಿತ್ತು. ಕರೆ ಮಾಡಿದವನು ಬಂದಿದ್ದಾನೆ, ಮೇಷ್ಟ್ರು ಸೀಟಿ ಊದುತ್ತಿದ್ದಾರೆ, ಅವನಿಗೆ ಅದು ಕೇಳಿಸುತ್ತಿಲ್ಲ. ಹೆಂಡತಿ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾಳೆ. ಹೂಕುಂಡವನ್ನು ತೆಗೆದುಕೊಂಡು ಹೋಗುತ್ತಾಳೋ ಬಿಟ್ಟು ಹೋಗುತ್ತಾಳೋ?

ಐದಕ್ಕೆ ಹತ್ತು ನಿಮಿಷ ಇರುವಾಗ ಮೇಡಂ ತಾವೇ ಅವನ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಉದ್ದನೆಯ ಲಕೋಟೆ. ಅದು ಯಾವ ಕಾಗದವೋ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಮೇಡಂ ಮುಖವೂ ಒಂದು ಅಂಟಿಸಿದ ಲಕೋಟೆಯೇ.

“ಒಂದೇ ಒಂದು ಕರೆ ಬಾಕಿ ಇದೆ,” ಎಂದರು. “ಬೆಳಗಿನವರೇ. ಏಳನೇ ಮೇಜಿನ ಆಪರೇಟರೇ, ಅಂದ್ರೆ ನೀನೇ ಬೇಕಂತೆ.”

“ಮೇಡಂ, ನನಗೆ ಆ ಕಡೆಯವರು ಪರಿಚಯ...”

“ಕರೆ ಮಾಡಿದವರು ಇಂಥವರೇ ಬೇಕು ಅಂದ್ರೆ ಪರಿಚಯದವರ ನಿಯಮ ನಡೆಯಲ್ಲ. ಪುಟ ಮೂವತ್ತೊಂದು. ಕೂತ್ಕೋ.”

ಪರದೆ ಬೆಳಗಿತು. ಚೌಕ ಖಾಲಿಯಾಗಿತ್ತು. ಜೊತೆಗೆ ಒಂದು ಸಾಲು: ‘ಈ ಸಲ ಪರಿಚಯವನ್ನು ಖಂಡಿತ ಹೇಳಿ. ನಿಧಾನವಾಗಿ ಹೇಳಿ.’

ಕರೆ ಸೇರಿತು. “ಹಲೋ?” ಎಂದಳು ಅವನ ಹೆಂಡತಿ.

ಮನೆಯಲ್ಲೇ ಇದ್ದಾಳೆ! ಕೊಳವೆ ಪರಿಚಯವನ್ನು ಮಂತ್ರದ ಹಾಗೆ ಒಂದಕ್ಷರ ಬಿಡದೆ ಹೇಳಿದ. ಕಿವಿ ಕೇಳದ ಒಬ್ಬರು ನಿಮ್ಮ ಜೊತೆ ಮಾತಾಡಲು ಬಯಸುತ್ತಾರೆ. ಅವರು ಟೈಪ್ ಮಾಡಿದ್ದನ್ನು ನಾನು ಓದುತ್ತೇನೆ. ನಾನು ಆಡುವ ಮಾತು ನನ್ನದಲ್ಲ. ಕೊನೆಯ ಸಾಲನ್ನು ಇನ್ನೂ ನಿಧಾನವಾಗಿ, ಒತ್ತಿ ಹೇಳಿದ.

“ಗೊತ್ತಾಯ್ತು ಬಿಡ್ರೀ,” ಎಂದಳು ಅವಳು. “ಅವರು ಬಂದಿದ್ರು, ಫೋನಲ್ಲಿ ಓದೋದು ಬೇರೆಯವರು ಅಂತ ಬರೆದು ತೋರಿಸಿದ್ರು. ಮೇಷ್ಟ್ರ ಮಗಳೂ ಓಡಿ ಬಂದ್ಲು. ಮೇಷ್ಟ್ರು ಅವರನ್ನ ನೋಡಿ, ಮಹಡಿ ಕಡೆ ನೋಡಿ, ಅರ್ಧ ಗಂಟೆ ಬಾಯಿ ತೆರ್ಕೊಂಡೇ ಇದ್ರು. ಮೂರು ತಿಂಗಳಿಂದ ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ, ನಾನು ಮಾಡೋದು ಇಂಥ ಕೆಲಸ ಅಂತ?”

ಕೊಳವೆ ತನಗೆ ಬಿದ್ದ ಬೈಗುಳವನ್ನು ತಾನೇ ಟೈಪ್ ಮಾಡಿದ. ಎದೆಯ ಮೇಲಿನ ಬಂಡೆ ಉರುಳಿ ಹೋಗಿತ್ತು. ಬೆರಳುಗಳು ಕೀಲಿಗಳ ಮೇಲೆ ಕುಣಿದವು. ಉತ್ತರ ಬಂತು. ಓದುವಾಗ ಅವನ ದನಿಯಲ್ಲಿ ನಗು ಇಣುಕಿತ್ತು.

“ನಮಸ್ಕಾರ ಅಕ್ಕ. ಬೆಳಗ್ಗೆ ನಿಮ್ಮನ್ನ ಅಳಿಸಿಬಿಟ್ಟೆ, ತಪ್ಪಾಯ್ತು. ಎದುರಿಗೆ ಹೇಳಿದ್ರೂ ಫೋನಲ್ಲೇ ಆದ ತಪ್ಪನ್ನ ಫೋನಲ್ಲೇ ಸರಿಮಾಡಬೇಕು ಅನ್ನಿಸ್ತು. ನಾನು ನಿಮ್ಮ ಗಂಡ ಅಲ್ಲ.”

‘ನಗು,’ ಎಂದು ಕಂಸದಲ್ಲಿ ಟೈಪ್ ಮಾಡಿದ ಕೊಳವೆ. ‘ಇನ್ನೂ ನಗು.’ ಲಕೋಟೆಯ ಕಡೆ ಓರೆಗಣ್ಣಿನಲ್ಲಿ ನೋಡಿದ. ಬೆಳಕಿಗೆ ಅದರ ತೆಳು ಕಾಗದದೊಳಗಿಂದ ‘ಖಾಯಂ’ ಎಂಬ ಅಕ್ಷರಗಳು ಇಣುಕುತ್ತಿದ್ದವು. ಅದನ್ನು ಹಿಡಿದು ಮೆಟ್ಟಿಲು ಹತ್ತಬೇಕು. ಮೊದಲು ಮೇಷ್ಟ್ರಿಗೆ ತೋರಿಸಬೇಕು. ಆಮೇಲೆ ಕಿಟಕಿಯ ಹತ್ತಿರ ಇಬ್ಬರೂ ಕೂತು...

ಅಕ್ಷರಗಳು ಮುಂದುವರಿದವು. ಬಂದ ಹಾಗೇ ಓದಬೇಕು. ಮೊದಲೇ ಓದಿಕೊಳ್ಳುವ ಹಾಗಿಲ್ಲ.

“ಮೇಷ್ಟ್ರು ಮದುವೆಗೆ ಒಪ್ಪಿದ್ರು ಅಕ್ಕ. ಒಂದೇ ಷರತ್ತು. ಮಗಳು ಕಣ್ಣೆದುರೇ ಇರಬೇಕಂತೆ. ಅದಕ್ಕೆ ಮಹಡಿ ಮನೇನ ನಮಗೆ ಕೊಡ್ತಾರಂತೆ.” ಕೊಳವೆಯ ದನಿಯಲ್ಲಿದ್ದ ನಗು ಮೆಟ್ಟಿಲು ಜಾರಿದ ಹಾಗೆ ಕೆಳಗಿಳಿಯಿತು. “ನಿಮಗೆ ಹೇಳೋಕೆ ಮೇಷ್ಟ್ರಿಗೆ ಸಂಕೋಚ. ನೀನೇ ಹೇಳು ಅಂದ್ರು. ಚೀಟೀಲಿ ಬರೆದು ನಿಮ್ಮ ಕೈಗೆ ಕೊಡೋಕೆ ನನಗೂ ಧೈರ್ಯ ಬರಲಿಲ್ಲ. ಕೆಟ್ಟ ಸುದ್ದೀನ ನಿಮ್ಮ ಯಜಮಾನ್ರ ದನೀಲೇ ಕೇಳಿದ್ರೆ ನಿಮಗೆ ಸ್ವಲ್ಪ ಸಮಾಧಾನ ಆಗುತ್ತೆ ಅಂತ, ಅವರನ್ನೇ ಬೇಕು ಅಂತ ಕೇಳಿ ತಗೊಂಡೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿಬಿಡಿ.”

ಆ ಕಡೆ ನಗು ನಿಂತಿತ್ತು.

“ಕಿಟಕಿ ಕಟ್ಟೆ ಮೇಲೆ ಹೂಕುಂಡ ನೋಡಿದೆ,” ಎಂದು ಓದಿದ ಕೊಳವೆ. “ತುಂಬಾ ಚೆನ್ನಾಗಿದೆ. ಅದನ್ನ ಬಿಟ್ಟು ಹೋದ್ರೂ ಪರವಾಗಿಲ್ಲ. ಈಗ ನೀವು ಮಾತಾಡಿ.”

“ರೀ,” ಎಂದಳು ಹೆಂಡತಿ. “ಅವರಲ್ಲ, ನೀವು. ನೀವಾದ್ರೂ ಏನಾದ್ರೂ ಹೇಳ್ರೀ!”

ಕೊಳವೆ ಅದನ್ನು ಟೈಪ್ ಮಾಡಿದ. ಮೇಡಂ ಲಕೋಟೆಯನ್ನು ಅವನ ಮೊಣಕೈ ಪಕ್ಕದಲ್ಲಿ ಇಟ್ಟು, ತುಟಿಯಲ್ಲೇ, “ಖಾಯಂ. ಇವತ್ತು ಒಂದು ಹನಿ ಸೋರಲಿಲ್ಲ,” ಎಂದರು. ಆಗಲೇ ಅವನ ಎದೆಯ ಆಳದಿಂದ, ಅವನನ್ನು ಕೇಳದೆ, ಹಳೇ ಬಾಗಿಲು ಕಿರುಗುಟ್ಟಿದಂಥ ಒಂದು ಸದ್ದು ಹೊರಬಂತು.

ಮೇಡಂ ಹುಬ್ಬು ಗಂಟಿಕ್ಕಿ ಪರದೆಯತ್ತ ಬೆರಳು ಮಾಡಿದರು. ಕೇಳಿಸಿದ್ದನ್ನೆಲ್ಲ ಟೈಪ್ ಮಾಡಬೇಕು. ಯಾರ ಸದ್ದಾದರೇನು?

ಕೊಳವೆ ಕಂಸ ತೆರೆದು ‘ಯಾರೋ ನರಳಿದ ಸದ್ದು’ ಎಂದು ಹೊಡೆದು, ಕಂಸ ಮುಚ್ಚಿದ.

ಬೈಂಡರ್ ಒಳ್ಳೆಯ ಮನುಷ್ಯ. ಕೂಡಲೇ ವಿಚಾರಿಸಿದ. ಕೊಳವೆ ಕಣ್ಣೊರೆಸಿಕೊಂಡು, ಅದನ್ನು ಹೆಂಡತಿಗೆ ಸ್ಪಷ್ಟವಾಗಿ, ನಿಯಮದ ಪ್ರಕಾರ, ತನ್ನದೊಂದು ಮಾತನ್ನೂ ಸೇರಿಸದೆ ಓದಿ ಹೇಳಿದ:

“ಪಾಪ! ಯಾರದು ನರಳಿದ್ದು?”